ಅಳಿಸೂಕಿಂತ ಮೊದ್ಲ ಹಚ್ಚಿ ನೋಡ್ರಿ

ನಮ್ಮ ಮನ್ಯಾಗಿನ ಕಂಪ್ಯೂಟರ್ ಹತ್ತು ವರ್ಷದ್ದು. 2025ರ ಅಕ್ಟೋಬರ್ 14ಕ್ಕ ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ ನಿಂತ್ವು. ಹನ್ನೊಂದು ಇದರಾಗ ಕೂಡೂದಿಲ್ರಿ, ಹೊಸಾದ ತಗೋರಿ ಅಂದ ಅಂಗಡಿಯಾಂವ. ಹೊಸಾದು ಅಂದ್ರ ಸಂತ್ಯಾಗಿನ ಕೊತ್ತಂಬ್ರಿ ಸಿವುಡ ಏನು? ಮಗಳು, ಪುಕ್ಕಟೆ ಸಿಗೂ ಲಿನಕ್ಸ್ ಹಾಕೂಣು ಅಂದ್ಲು.

ಹಾಕ್ರಿ, ನಾ ಬ್ಯಾಡ ಅನ್ನೂದಿಲ್ಲ. ಆದ್ರ ಹಳೇದನ್ನ ಅಳಿಸೂಕಿಂತ ಮೊದ್ಲ ಪೆನ್ ಡ್ರೈವಿನಿಂದನ ನಡಿಸಿ ನೋಡ್ರಿ. ಸ್ವಲ್ಪ ನಿಧಾನ ನಡೀತದ, ಖರೆ. ಇನ್‌ಸ್ಟಾಲ್ ಅನ್ನೂದನ್ನ ಒತ್ತದ ಇದ್ರ ಒಳಗಿಂದೇನೂ ಅಳಿಸಂಗಿಲ್ಲ. ಮೊದ್ಲ ಉಬುಂಟು ಹಚ್ಚಿದ್ವಿ. ಚೆಂದ ಅದ, ಆದ್ರ ನಮ್ಮ 4 ಜಿಬಿ ರ್‍ಯಾಮಿಗೆ ಭಾರ ಆತು. ಆಮ್ಯಾಲ ಲಿನಕ್ಸ್ ಮಿಂಟಿನ ಹಗೂರಂದು, ಎಕ್ಸ್‌ಎಫ್‌ಸಿಇ. ಅದರ ಮೆನು ನಂಗ ರೂಢಿ ಇದ್ದಂಗ ಕೆಳಗ ಎಡಕ್ಕನ ಇತ್ತು.

ಚೆಂದಕ್ಕ ಮರುಳಾಗಬ್ಯಾಡ್ರಿ, ನಿಮ್ಮ ಫೈಲ್ ತಗದು ನೋಡ್ರಿ. ನಮ್ಮ ಅತ್ತಿ ಹೇಳಿದ ಬೀಸೂಕಲ್ಲಿನ ಹಾಡು ನಾನು ಹಳೇ ನುಡಿಯೊಳಗ ಟೈಪ್ ಮಾಡಿಟ್ಟಿದ್ದೆ. ಅತ್ತಿ ಈಗಿಲ್ಲ. ಮಿಂಟಿನ್ಯಾಗ ತಗದ್ರ ಬರೇ ಇಂಗ್ಲಿಷ್ ಅಕ್ಷರದ ಚಿತ್ರಾನ್ನ! ಎದಿ ಧಸಕ್ ಅಂತು. ಹಳೇ ನುಡಿ ಯುನಿಕೋಡ್ ಅಲ್ಲಂತ, ಅದರ ಫಾಂಟ್ ಇಲ್ದ ಕನ್ನಡ ಕಾಣಂಗಿಲ್ಲ. ವಿಂಡೋಸಿನ್ಯಾಗಿನ ಫಾಂಟ್ ತಂದು ಹಾಕಿದ ಮ್ಯಾಲ ಹಾಡು ಬಂದ್ವು. ಮೊದ್ಲ ಅಳಿಸಿದ್ರ ಹಾಡೂ ಇಲ್ಲ, ಫಾಂಟೂ ಇಲ್ಲ.

ಎರಡನ್ನೂ ಬ್ಯಾರೆ ಪೆನ್ ಡ್ರೈವಿಗೆ ತಗದಿಟ್ಟು ಈಗ ಮಿಂಟ್ ಹಾಕೇವಿ. ಮಗಳಿಗೆ ವಾರಕ್ಕೊಂದು ಹೊಸಾದು ಹಚ್ಚೂ ಹುಚ್ಚು. ದಿನಾ ಅಡಗಿಮನಿ ಡಬ್ಬಿ ಜಾಗಾ ಬದಲಿಸಿದಂಗಾಗ್ತದ, ನಿಂದ್ರಸವ್ವ ಅಂದೇನಿ.