ಕನ್ನಡಿ ಇದ್ದರೆ ಸಾಲದು

ಮಕ್ಕಳೇ, ಒಂದೇ ಲಿನಕ್ಸ್ ಸರ್ವರಿನೊಳಗೆ ನಾಲ್ಕೈದು ವರ್ಚುವಲ್ ಕಂಪ್ಯೂಟರ್ ಓಡಿಸುವಾಗ ಡಿಸ್ಕ್ ಕೆಟ್ಟರೆ ಎಲ್ಲವೂ ಒಟ್ಟಿಗೆ ಹೋಯ್ತು. ಅದಕ್ಕೇ ಎರಡು ಡಿಸ್ಕ್ ಹಾಕಿ, ಎಂಡಿಎಡಿಎಂ ಎಂಬ ತಂತ್ರಾಂಶದಿಂದ ಕನ್ನಡಿ ಕಟ್ಟುವುದು, ಅಂದರೆ ರೇಡ್ 1: ಬರೆದದ್ದೆಲ್ಲ ಎರಡರಲ್ಲೂ ಬೀಳುತ್ತದೆ. ಎರಡು 1 ಟಿಬಿ ಡಿಸ್ಕಿಗೆ ಸಿಗುವ ಜಾಗ 1 ಟಿಬಿ ಮಾತ್ರ. ಅದು ದಂಡ ಅಂತ ನನಗನ್ನಿಸುವುದಿಲ್ಲ.

ಆದರೆ ಕನ್ನಡಿಯನ್ನೇ ಬ್ಯಾಕಪ್ ಅಂತ ನಂಬುವುದನ್ನು ನಾನು ಒಪ್ಪುವುದಿಲ್ಲ. ಕಳೆದ ವರ್ಷ ಒಂಬತ್ತನೇ ತರಗತಿಯ ಪ್ರಾಜೆಕ್ಟ್‌ಗಳ ಫೋಲ್ಡರನ್ನು ನಾನೇ ಕೈತಪ್ಪಿ ಅಳಿಸಿದೆ. ಎರಡೂ ಡಿಸ್ಕಿನಿಂದ ಆ ಕ್ಷಣವೇ ಮಾಯ! ಅಳಿಸಿದ್ದನ್ನೂ ಅದು ನಿಷ್ಠೆಯಿಂದ ನಕಲು ಮಾಡ್ತದೆ. ಹೊರಗೆ ಬೇರೊಂದು ಡಿಸ್ಕಿನಲ್ಲಿ ಪ್ರತಿ ಬೇಕೇಬೇಕು.

ಮತ್ತೆ, ಒಂದು ಡಿಸ್ಕ್ ಸತ್ತರೂ ಸರ್ವರ್ ಸುಮ್ಮನೆ ಓಡ್ತಿರ್ತದೆ. ವಾರಕ್ಕೊಮ್ಮೆ ಎಂಡಿಸ್ಟ್ಯಾಟ್ ಫೈಲ್ ನೋಡಿ: ಎರಡು ‘ಯು’ ಇದ್ದರೆ ಕ್ಷೇಮ, ಒಂದರ ಜಾಗದಲ್ಲಿ ಅಡಿಗೆರೆ ಕಂಡರೆ ಆ ದಿನವೇ ಟೀಚರಿಗೆ ಹೇಳಿ.