ಕುಬಸಕ್ಕೆ ಮುನ್ನ ಸ್ಕ್ಯಾನಿಂಗ್ ಆಗಲಿ

ನಮ್ಮಲ್ಲಿ ಕೂಸೊಂದು ನ್ಯೂನತೆಯೊಂದಿಗೆ ಹುಟ್ಟಿದರೆ ಮೊದಲು ವಿಚಾರಣೆಗೆ ಗುರಿಯಾಗುವವಳು ತಾಯಿ. "ಗ್ರಹಣದಾಗ ಹೊರಗ ಬಂದಿದ್ದೇನು? ಕಾಯಿಪಲ್ಲೆ ಹೆಚ್ಚಿದ್ದೇನು?" ಎಂಬ ಪ್ರಶ್ನೆಗಳು ಬಾಣಂತಿಯ ಕಣ್ಣೀರು ಆರುವ ಮೊದಲೇ ಆರಂಭವಾಗುತ್ತವೆ. "ಐದನೆಯ ತಿಂಗಳಲ್ಲಿ ಸ್ಕ್ಯಾನಿಂಗ್ ಮಾಡಿಸಿದ್ದಿರಾ?" ಎಂದು ಮನೆಯ ಯಜಮಾನರನ್ನು ಕೇಳುವವರು ಮಾತ್ರ ಯಾರೂ ಇಲ್ಲ. ಈ ಅನ್ಯಾಯವನ್ನು ಕುರಿತೇ ಇಂದಿನ ಬರಹ.

ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸುತ್ತಿದ್ದಾಗ, ತಳ ಕತ್ತರಿಸಿದ ಬಾಟಲಿಗೆ ಬಲೂನಿನ ಹಾಳೆ ಬಿಗಿದು ವಪೆಯ ಕಾರ್ಯವನ್ನು ಮಕ್ಕಳಿಗೆ ತೋರಿಸುತ್ತಿದ್ದೆ. ಎದೆಯನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ಈ ಸ್ನಾಯುವಿನ ಪರದೆ ಗರ್ಭದ ಮೊದಲ ಮೂರು ತಿಂಗಳೊಳಗೆ ಪೂರ್ಣವಾಗಿ ಮುಚ್ಚಿಕೊಳ್ಳಬೇಕು. ಸುಮಾರು 3000 ಕೂಸುಗಳಲ್ಲಿ ಒಂದಕ್ಕೆ ಅಲ್ಲೊಂದು ರಂಧ್ರ ಉಳಿದುಬಿಡುತ್ತದೆ. ಹತ್ತರಲ್ಲಿ ಎಂಟು ಸಲ ಎಡಭಾಗದಲ್ಲಿ. ಅದರ ಮೂಲಕ ಕರುಳು, ಜಠರ, ಕೆಲವೊಮ್ಮೆ ಯಕೃತ್ತು ಎದೆಗೇರಿ, ಶ್ವಾಸಕೋಶಗಳಿಗೆ ಬೆಳೆಯಲು ಜಾಗವಿಲ್ಲದಂತೆ ಮಾಡುತ್ತವೆ. ಇದೇ ಜನ್ಮಜಾತ ವಪೆಯ ಹರ್ನಿಯಾ. ಬಹುಪಾಲು ಪ್ರಕರಣಗಳಲ್ಲಿ ಇದಕ್ಕೆ ಕಾರಣವೇನೆಂದು ವೈದ್ಯವಿಜ್ಞಾನಕ್ಕೆ ಇನ್ನೂ ತಿಳಿದಿಲ್ಲ. ಆದರೆ ಮೂರನೆಯ ತಿಂಗಳೊಳಗೆ ಉಳಿದ ರಂಧ್ರಕ್ಕೆ ಏಳನೆಯ ತಿಂಗಳಿನ ಗ್ರಹಣ ಹೇಗೆ ಹೊಣೆಯಾದೀತು?

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಇಲ್ಲಿ ತಾರಿಹಾಳದ ಕೈಗಾರಿಕಾ ವಸಾಹತಿನಲ್ಲಿ ದಿನಗೂಲಿಗೆ ದುಡಿಯುತ್ತಿದ್ದಳು. ಸ್ಕ್ಯಾನಿಂಗಿಗೆ ಹೋದರೆ ಒಂದು ದಿನದ ಪಗಾರ ಹೋಗುತ್ತದೆಂದು ಮನೆಯವರು ಬೇಡವೆಂದರು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಲ್ಲವೇ? ನವಲಗುಂದದ ಕಡೆಯ ಹಳ್ಳಿಗೆ ಕಳುಹಿಸಿದರು. ಹುಟ್ಟಿದ ಗಂಟೆಯೊಳಗೆ ಕೂಸು ನೀಲಿಗಟ್ಟಿತು. ಹುಬ್ಬಳ್ಳಿಗೆ ತಂದು ಎಕ್ಸ್‌ರೇ ತೆಗೆದಾಗ ಎದೆಯೊಳಗೆ ಕರುಳಿನ ಸುರುಳಿಗಳು ಕಂಡವು. ಸಂಜೆಯ ಹೊತ್ತಿಗೆ ಎಲ್ಲ ಮುಗಿದಿತ್ತು. ಆಕೆಗೆ ಊರು ಕೊಟ್ಟ ಸಾಂತ್ವನ, "ಹಣೆಬರಹ"!

ಹಣೆಬರಹವೆಂಬ ಮಾತನ್ನು ನಾನು ಒಪ್ಪುವುದಿಲ್ಲ. 18ರಿಂದ 20 ವಾರಗಳ ನಡುವೆ ನಡೆಸುವ ಸ್ಕ್ಯಾನಿಂಗಿನಲ್ಲಿ, ಹೊಟ್ಟೆಯಲ್ಲಿರಬೇಕಾದ ಜಠರ ಹೃದಯದ ಪಕ್ಕದಲ್ಲಿ ಕುಳಿತಿರುವುದನ್ನೂ ಹೃದಯ ಬಲಕ್ಕೆ ಸರಿದಿರುವುದನ್ನೂ ಕಾಣಬಹುದು. ಕೆಲವು ಪ್ರಕರಣಗಳು ತಪ್ಪಿಸಿಕೊಳ್ಳುತ್ತವೆ, ನಿಜ. ಆದರೆ ನೋಡದೇ ಇದ್ದರೆ ಯಾವುದೂ ಕಾಣುವುದಿಲ್ಲ. ಸ್ಕ್ಯಾನಿಂಗ್ ಕೋಣೆಯ ಬಾಗಿಲಿನ ಫಲಕ ನಿಷೇಧಿಸುವುದು ಲಿಂಗಪತ್ತೆಯನ್ನು. ಕೂಸಿನ ಅಂಗಾಂಗಗಳ ಪರೀಕ್ಷೆಯನ್ನಲ್ಲ. ಕುಬಸಕ್ಕೆ ಸೀರೆ, ಹೋಳಿಗೆ, ಪೆಂಡಾಲ್ ಎಂದು ಸಾಲ ಮಾಡುವವರಿಗೆ ಇದೊಂದು ಪರೀಕ್ಷೆ ದುಬಾರಿಯಾಗಿ ತೋರುವುದು ವಿಚಿತ್ರ.

"ಗೊತ್ತಾಗಿ ಏನು ಪ್ರಯೋಜನ, ಮಾಸ್ತರರೇ?" ಎಂದು ಕೇಳುವವರಿದ್ದಾರೆ. ಪ್ರಯೋಜನ ಮೊದಲ ನಿಮಿಷದಿಂದಲೇ ಇದೆ. ಉಸಿರಾಡದ ನವಜಾತ ಶಿಶುವಿಗೆ ಮುಖವಾಡವಿಟ್ಟು ಚೀಲದಿಂದ ಗಾಳಿ ಒತ್ತುವುದು ಎಲ್ಲೆಡೆ ಕಲಿಸುವ ಪ್ರಥಮ ಉಪಚಾರ. ಈ ಕೂಸಿಗೆ ಅದೇ ಅಪಾಯಕಾರಿ; ಗಾಳಿ ಎದೆಯಲ್ಲಿರುವ ಜಠರ, ಕರುಳುಗಳಿಗೂ ತುಂಬಿ ಶ್ವಾಸಕೋಶವನ್ನು ಮತ್ತಷ್ಟು ಒತ್ತುತ್ತದೆ. ಶ್ವಾಸನಾಳಕ್ಕೇ ನೇರವಾಗಿ ನಳಿಕೆ ಇಳಿಸಬೇಕು, ಜಠರದ ಗಾಳಿಯನ್ನು ಇನ್ನೊಂದು ನಳಿಕೆಯಿಂದ ಹೊರತೆಗೆಯಬೇಕು. ಮುಂಚೆಯೇ ತಿಳಿದಿದ್ದರೆ ಮಾತ್ರ ಇಂಥ ಸಿದ್ಧತೆ ಸಾಧ್ಯ. ಹುಟ್ಟಿ ಒಂದು ದಿನವೂ ತುಂಬದ ಕೂಸಿಗೆ ಶಸ್ತ್ರಚಿಕಿತ್ಸೆ ಯಶಸ್ವಿಯಾದುದನ್ನು ಬಾಸ್ಟನ್ನಿನ ರಾಬರ್ಟ್ ಗ್ರಾಸ್ 1946ರಷ್ಟು ಹಿಂದೆಯೇ ವರದಿ ಮಾಡಿದ್ದರು. ಇಂದಿನ ವೈದ್ಯರು ಅವಸರಪಡುವುದಿಲ್ಲ. ಮೃದುವಾದ ಕೃತಕ ಉಸಿರಾಟದಿಂದ ಶ್ವಾಸಕೋಶದ ರಕ್ತದೊತ್ತಡವನ್ನು ಹತೋಟಿಗೆ ತಂದು, ಕೂಸು ಸ್ಥಿರವಾದ ಮೇಲೆಯೇ ಅಂಗಗಳನ್ನು ಕೆಳಗಿಳಿಸಿ ರಂಧ್ರ ಹೊಲಿಯುತ್ತಾರೆ. ಮುಂದುವರಿದ ದೇಶಗಳ ಉತ್ತಮ ಕೇಂದ್ರಗಳಲ್ಲಿ ಹತ್ತರಲ್ಲಿ ಸುಮಾರು ಏಳು ಕೂಸುಗಳು ಬದುಕುತ್ತಿವೆ. ಶ್ವಾಸಕೋಶ ತೀರಾ ಕಿರಿದಾಗಿರುವ ಕೆಲವನ್ನು ಅಲ್ಲಿಯೂ ಉಳಿಸಲಾಗುವುದಿಲ್ಲ. ಆಗಲೂ ಸತ್ಯವನ್ನು ಮುಂಚೆಯೇ ತಿಳಿಯುವುದು ಹೆತ್ತವರ ಹಕ್ಕು.

ಆದ್ದರಿಂದ ತವರಿನ ಪದ್ಧತಿಯನ್ನೂ ಪ್ರಶ್ನಿಸಬೇಕಾಗಿದೆ. ತಾರಿಹಾಳದಿಂದ ವಿದ್ಯಾನಗರದ, ನಾವೆಲ್ಲ ಕಿಮ್ಸ್ ಎಂದೇ ಕರೆದು ರೂಢಿಯಾದ ದೊಡ್ಡ ಸರಕಾರಿ ಆಸ್ಪತ್ರೆಗೆ ಅರ್ಧ ಗಂಟೆಯ ದಾರಿ. ಅದನ್ನು ಬಿಟ್ಟು, ತುಂಬು ಗರ್ಭಿಣಿಯನ್ನು ಶಿಶುತಜ್ಞರಿಲ್ಲದ ಹಳ್ಳಿಗೆ ಕಳುಹಿಸುವುದು ಯಾವ ಪ್ರೀತಿ? ಹೋಗಲೇಬೇಕಾದರೆ ಸ್ಕ್ಯಾನಿಂಗ್ ವರದಿ, ತಾಯಿ ಕಾರ್ಡು ಜೊತೆಗೇ ಹೋಗಲಿ. ದೋಷ ಕಂಡಿದ್ದರೆ, ನವಜಾತ ಶಿಶುಗಳ ತೀವ್ರ ನಿಗಾ ಘಟಕವೂ ಶಸ್ತ್ರಚಿಕಿತ್ಸಕರೂ ಇರುವಲ್ಲಿಯೇ ಹೆರಿಗೆಯಾಗಲಿ. ತಾಯಿಯ ಗರ್ಭಕ್ಕಿಂತ ಸುರಕ್ಷಿತವಾದ ಆಂಬ್ಯುಲೆನ್ಸು ಇನ್ನೂ ಬಂದಿಲ್ಲ.

ಸರಕಾರವೂ ಉತ್ತರಿಸಬೇಕು. 2011ರ ಜನನಿ ಶಿಶು ಸುರಕ್ಷಾ ಯೋಜನೆ ಅಸ್ವಸ್ಥ ನವಜಾತ ಶಿಶುವಿಗೆ ಸರಕಾರಿ ಆಸ್ಪತ್ರೆಯಲ್ಲಿ ಉಚಿತ ಚಿಕಿತ್ಸೆ ಮತ್ತು ವಾಹನದ ಭರವಸೆ ಕೊಟ್ಟಿತು, ಸ್ವಾಗತಾರ್ಹ. ಆದರೆ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಹೆಸರಿಸಿದ ಒಂಬತ್ತು ಜನ್ಮದೋಷಗಳಲ್ಲಿ ಸೀಳುತುಟಿ, ಸೊಟ್ಟಪಾದ, ಹೃದಯದೋಷಗಳಿದ್ದವು. ವಪೆಯ ಹರ್ನಿಯಾ ಇರಲಿಲ್ಲ. ಪಟ್ಟಿಯಲ್ಲಿಲ್ಲದ ರೋಗವನ್ನು ಹುಡುಕಲು ಆಶಾ ಕಾರ್ಯಕರ್ತೆಗೆ ಹೇಳುವವರು ಯಾರು?

ನಮ್ಮ ಮನೆಯ ಹೆಣ್ಣುಮಗಳಿಗೆ ಐದು ತಿಂಗಳು ತುಂಬಿದಾಗ ಪಂಚಾಂಗ ಬಿಡಿಸುವ ಮುನ್ನ ಸ್ಕ್ಯಾನಿಂಗಿನ ದಿನ ಗೊತ್ತುಮಾಡೋಣ. ಆ ದಿನದ ಪಗಾರವನ್ನು ಗಂಡನಾದವನು ಬಿಡಲಿ, ಜೊತೆಗೆ ಹೋಗಲಿ. ಗ್ರಹಣದ ಲೆಕ್ಕವನ್ನು ಖಗೋಳಶಾಸ್ತ್ರಜ್ಞರು ನೋಡಿಕೊಳ್ಳುತ್ತಾರೆ.