ಕಷಾಯ ಕುಡಿಯುವವಳು ಅವಳೊಬ್ಬಳೇ ಏಕೆ?

ಮದುವೆಯಾಗಿ ಎರಡು ವರ್ಷ ಕಳೆದರೆ ಸಾಕು, ಸೊಸೆಯ ಮುಂದೆ ಬಟ್ಟಲುಗಳು ಸಾಲುಗಟ್ಟುತ್ತವೆ. ಜೇನಿನಲ್ಲಿ ಕಲಸಿದ ಕಲೋಂಜಿ, ಶತಾವರಿ ಕಷಾಯ, ಕಿಬ್ಬೊಟ್ಟೆಗೆ ಹರಳೆಣ್ಣೆಯ ಪಟ್ಟಿ. ‘ಟ್ಯೂಬ್ ಮುಚ್ಚಿದೆಯಂತೆ, ಇದರಿಂದ ತೆರೆಯುತ್ತದೆ’ ಎನ್ನುವವರಿಗೇನೂ ಬರವಿಲ್ಲ.

ತೆರೆಯುತ್ತದೆಯೇ? ಅಂಡನಾಳವೆಂಬುದು ಕಸ ಕಟ್ಟಿಕೊಂಡ ಮೋರಿಯಲ್ಲ. ಸೋಂಕಿನಿಂದ, ನಮ್ಮ ದೇಶದಲ್ಲಿ ಎಷ್ಟೋ ಸಲ ಕ್ಷಯದಿಂದ, ಅದರ ಒಳಗೋಡೆ ಗಾಯಗೊಂಡು ಅಂಟಿಕೊಂಡಿರುತ್ತದೆ. ಹೊಟ್ಟೆಗಿಳಿದ ಕಷಾಯ ಆ ಅಂಟನ್ನು ಬಿಡಿಸುತ್ತದೆ ಎಂಬುದಕ್ಕೆ ಪುರಾವೆಯಿಲ್ಲ.

‘ಹಾಗಾದರೆ ಇಂಥವಳಿಗೆ ಮಗುವಾಯಿತಲ್ಲ?’ ಎನ್ನುತ್ತೀರಿ. ಬಣ್ಣದ ದ್ರವ ಹಾಯಿಸಿ ಎಕ್ಸ್‌ರೇ ತೆಗೆಯುವಾಗ ನಾಳ ಸೆಟೆದುಕೊಂಡರೂ ಮುಚ್ಚಿದಂತೆಯೇ ಕಾಣುತ್ತದೆ. ಒಂದೇ ನಾಳ ತೆರೆದಿದ್ದರೂ ಗರ್ಭ ನಿಲ್ಲಬಹುದು. ಕೀರ್ತಿ ಮಾತ್ರ ಕಷಾಯಕ್ಕೆ!

1978ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನಳ ತಾಯಿಗೂ ನಾಳಗಳು ಮುಚ್ಚಿದ್ದವು. ವೈದ್ಯರು ನಾಳದ ಹಂಗಿಲ್ಲದ ದಾರಿ ಹುಡುಕಿದರು. ಆ ದಾರಿ ದುಬಾರಿ, ಪ್ರತಿಸಲ ಫಲಿಸುವುದೂ ಇಲ್ಲ, ನಿಜ. ಆದರೆ ಹೆಣ್ಣಿನ ವಯಸ್ಸು 35 ದಾಟಿದಂತೆ ಆ ಅವಕಾಶವೂ ಕುಗ್ಗುತ್ತದೆ. ಕಳೆದ ವರ್ಷಗಳನ್ನು ಯಾವ ಹಕೀಮರು ಹಿಂದಿರುಗಿಸಿಯಾರು?

ನನ್ನ ಸಂಬಂಧಿಕಳೊಬ್ಬಳು ಏಳು ವರ್ಷ ಕಹಿ ಕುಡಿದಳು. ಆ ಏಳು ವರ್ಷಗಳಲ್ಲಿ ಅವಳ ಗಂಡ ಒಮ್ಮೆಯೂ ವೀರ್ಯ ಪರೀಕ್ಷೆಗೆ ಹೋಗಲಿಲ್ಲ. ಹೋದರೆ ಮಾನ ಹೋಗುತ್ತದಂತೆ! ‘ಬಂಜೆ’ ಎನಿಸಿಕೊಂಡವಳಿಗೆ ಮಾನವಿರಲಿಲ್ಲವೇ?

ಕಲೋಂಜಿಯ ಹದೀಸ್ ನೆನಪಿರುವವರಿಗೆ, ಚಿಕಿತ್ಸೆ ಪಡೆಯಿರೆಂದ ಅದೇ ಪ್ರವಾದಿಯವರ(ಸ) ಮಾತು ಏಕೆ ಮರೆತುಹೋಗುತ್ತದೆ? ಬಟ್ಟಲನ್ನು ಕೆಳಗಿಡಿ. ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ವೈದ್ಯರ ಬಳಿಗೆ ಹೋಗಲಿ.